ಚಾಚಿದ ಕಾಲು

ಹಂಪಣ್ಣ ಮೂರನೆಯ ಸಲ ಬಟ್ಟೆಯನ್ನು ಬಿಸಿನೀರಿಗೆ ಅದ್ದಿ ಹಿಂಡಿ, ತಮ್ಮನ ಬಲಮೊಣಕಾಲಿನ ಮೇಲೆ ಹಾಕಿ ಎರಡೂ ಕೈಯಿಂದ ಒತ್ತಿದ. ಅವನ ಬೆರಳುಗಳು ಕೆಂಪಾಗಿ ಬೊಬ್ಬೆ ಏಳುವ ಹಾಗಾಗಿದ್ದವು. ಮೊಣಕಾಲು ಮಾತ್ರ ಹದಿನಾಲ್ಕು ವರ್ಷದಿಂದ ಹೇಗಿತ್ತೋ ಹಾಗೇ, ಬಾಗಿಲಿನ ಅಗುಳಿಯಂತೆ ನೆಟ್ಟಗಿತ್ತು.

"ಇನ್ನೊಂದು ಚರಗಿ ನೀರು ಕಾಸ್ರಿ," ಎಂದ, ಹಿಂದಕ್ಕೆ ತಿರುಗದೆ. "ಔಡಲೆಣ್ಣಿ ಇದ್ರ ಅದನ್ನೂ ಬಿಸಿ ಮಾಡಿ ತರ್ರಿ. ಜಲ್ದಿ."

ಅಂಗಳದ ಒಲೆಯ ಮುಂದಿದ್ದ ಹೆಂಗಸರು ಕಸ್ತೂರೆಮ್ಮನ ಮುಖ ನೋಡಿದರು. ಗಂಡನ ಎಡಗಡೆ ಕೂತಿದ್ದ ಕಸ್ತೂರೆಮ್ಮ ಬೇಡವೆಂದು ತಲೆ ಅಲ್ಲಾಡಿಸಿದಳು. ನೀರೂ ಬರಲಿಲ್ಲ, ಎಣ್ಣೆಯೂ ಬರಲಿಲ್ಲ.

ಸತ್ತವನು ಅಮರಗುಂಡಪ್ಪ, ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡದ ಮಾಸ್ತರ, ವಯಸ್ಸು ಮೂವತ್ತೊಂಬತ್ತು. ಆ ದಿನ ಬೆಳಗಿನ ಐದಕ್ಕೆ ಎದ್ದು ಒಂದು ಲೋಟ ನೀರು ಕುಡಿದು, ಎದೆಗೆ ಕೈ ಹಚ್ಚಿಕೊಂಡು ನಡುಮನೆಯ ಗೋಡೆಗೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಸಿಂಧನೂರಿನಲ್ಲಿ ಭತ್ತದ ದಲಾಲಿ ಅಂಗಡಿ ಇಟ್ಟಿದ್ದ ಅಣ್ಣ ಹಂಪಣ್ಣನಿಗೆ ಫೋನು ಹೋಯಿತು. ಅವನು ಸಿಕ್ಕ ಜೀಪು ಹತ್ತಿ ಎಂಟಕ್ಕೆಲ್ಲ ಬಂದಿಳಿದ. ಬಂದವನು ಅಳಲಿಲ್ಲ. ಬಾಗಿಲಲ್ಲಿ ನಿಂತು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕಾಲು ಯಾಕ ಹಿಂಗ ಬಿಟ್ಟೀರಿ?" ಎಂದು ಕೇಳಿದ.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿ ಇಲ್ಲ. ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ, ಹಣೆತುಂಬ ವಿಭೂತಿ ಬಳಿದು ಕೂಡಿಸುತ್ತಾರೆ. ಮಣ್ಣಿನೊಳಗೂ ಹಾಗೇ ಕೂಡಿಸುತ್ತಾರೆ. ಕುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತವನಂತೆ. ಅಮರಗುಂಡಪ್ಪನ ಎಡಗಾಲು ಹೇಳಿದ ಮಾತು ಕೇಳಿ ಮಡಿಚಿಕೊಂಡಿತ್ತು. ಬಲಗಾಲು ನಡುಮನೆಯ ಅರ್ಧಕ್ಕೆ ಚಾಚಿಕೊಂಡಿತ್ತು. ದರ್ಶನಕ್ಕೆ ಬಂದವರೆಲ್ಲ ಅದನ್ನು ಸುತ್ತಿ ಹೋಗಬೇಕಾಗಿತ್ತು.

"ಪದ್ಮಾಸನ ಆಗಲಿಲ್ಲಂದ್ರ ಗೂಡಿನ್ಯಾಗ ಹೆಂಗ ಹಿಡಸ್ತಾನ?" ಎಂದ ಗೊರೇಬಾಳದ ಬಸ್ಸಪ್ಪ ಕಾಕಾ. ಲಗ್ನಕ್ಕೆ ಕರೆದರೂ ಬಾರದ ಮನುಷ್ಯ ಅವನು, ಸಾವಿಗೆ ಕರೆಯದೆ ಬರುತ್ತಾನೆ. ಕುಣಿ ತೋಡಿಸುವುದು, ಹೆಣ ಹೊರುವ ವಿಮಾನ ಕಟ್ಟಿಸುವುದು ಎಲ್ಲ ಅವನದೇ ಕಾರುಬಾರು. "ಮೈ ಇನ್ನೂ ಪೂರ್ತಿ ಸೆಟದಿಲ್ಲ. ಏನು ಮಾಡೂದಿದ್ರೂ ಮಧ್ಯಾಹ್ನದೊಳಗ ಮಾಡ್ರಿ."

"ಬಾವಾರ, ಸಾಕು ಮಾಡ್ರಿ," ಎಂದಳು ಕಸ್ತೂರೆಮ್ಮ, ಮೆಲ್ಲಗೆ. "ಅವರು ದಿನಾ ಹಿಂಗ ಕುಂದರ್ತಿದ್ರು."

"ದಿನಾ ಕುಂತದ್ದು ಬ್ಯಾರೆ. ಇವತ್ತು ಬ್ಯಾರೆ." ಹಂಪಣ್ಣನ ದನಿ ಭತ್ತದ ಲಿಲಾವು ಕೂಗಿ ಪಳಗಿದ್ದು, ಮೆಲ್ಲಗೆ ಮಾತಾಡಲು ಅದಕ್ಕೆ ಬರುತ್ತಿರಲಿಲ್ಲ. "ಮಣ್ಣಿಗೆ ಹೋಗೂ ದಿನಾ ಆದ್ರೂ ನನ್ನ ತಮ್ಮ ನಾಕು ಮಂದಿಯಂಗ ಸರಿಯಾಗಿ ಕುಂದರಲಿ."

ಹೊಸ್ತಿಲ ಆಚೆ ಹೂವಿನ ಹಾರ ಹಿಡಿದು ನಿಂತಿದ್ದ ಇಸ್ಮಾಯಿಲ್‌ಸಾಬ್ ಅದನ್ನು ಕೇಳಿ ಹಾರದ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡ. ಹಿಂದೆ ಸಿಂಧನೂರಿನ ಫುಟ್‌ಬಾಲು ತಂಡದಲ್ಲಿ ಅಮರಗುಂಡಪ್ಪ ಗೋಲು ಹೊಡೆಯುವ ಕಡೆ ಇದ್ದರೆ, ಗೋಲು ತಡೆಯುವ ಕಡೆ ಇದ್ದವನು ಈ ಇಸ್ಮಾಯಿಲ್‌ಸಾಬ್. ಆ ಮೊಣಕಾಲಿನ ಪೂರ್ತಿ ಹಕೀಕತ್ತು ಅಲ್ಲಿದ್ದವರಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ಮೂವರಿಗೆ ಗೊತ್ತಿದೆ ಎಂಬುದು ಹಂಪಣ್ಣನಿಗೆ ಗೊತ್ತಿರಲಿಲ್ಲ.

*

ಸಾವಿರದ ಒಂಬೈನೂರ ಎಂಬತ್ತಮೂರು, ಮೇ ತಿಂಗಳ ಕೊನೆಯ ವಾರ. ಲಿಂಗಸೂಗೂರಿನ ಮೈದಾನ ಎರೆಮಣ್ಣಿನದು. ಮಳೆ ಬಂದರೆ ಎತ್ತು ಹೂತು ಹೋಗುತ್ತದೆ, ಬೇಸಿಗೆ ಬಂದರೆ ಆಳುದ್ದ ಬಿರುಕು ಬಿಡುತ್ತದೆ. ಅಂಥ ನೆಲದ ಮೇಲೆ ಸಿಂಧನೂರಿಗೂ ಲಿಂಗಸೂಗೂರಿಗೂ ಫೈನಲ್.

ಸಿಂಧನೂರಿಗೆ ಫುಟ್‌ಬಾಲು ತಂದದ್ದು ಇಸ್ಮಾಯಿಲ್‌ಸಾಬನ ಚಿಕ್ಕಪ್ಪ. ಹೈದರಾಬಾದಿನ ನೌಕರಿ ಮುಗಿಸಿ ಊರಿಗೆ ಬರುವಾಗ ಒಂದು ಟ್ರಂಕು, ಒಂದು ಹುಕ್ಕಾ, ಒಂದು ಚೆಂಡು ತಂದಿದ್ದ. ರೈಸ್ ಮಿಲ್ಲಿನ ಮೆಕ್ಯಾನಿಕ್ಕುಗಳು, ಕಾಲುವೆ ಆಫೀಸಿನ ಇಬ್ಬರು ಕಾರಕೂನರು, ಟೈರ್ ಅಂಗಡಿಯ ಇಸ್ಮಾಯಿಲ್, ಗೊರೇಬಾಳದಿಂದ ಸೈಕಲ್ ತುಳಿದು ಬರುವ ಅಮರಗುಂಡಪ್ಪ, ಇವರೆಲ್ಲ ಸೇರಿ ತಂಡ. ಅಮರಗುಂಡಪ್ಪ ಆಗತಾನೆ ಬಿ.ಎ. ಮುಗಿಸಿದ್ದ. ಅವನು ಓಡಿದರೆ ಹಿಡಿಯುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. "ಚೆಂಡು ಒದ್ರ ಹೊಟ್ಟಿ ತುಂಬತೈತೇನು?" ಎಂದು ಹಂಪಣ್ಣ ದಿನವೂ ಬೈಯುತ್ತಿದ್ದ. ಪಂದ್ಯ ಇದ್ದ ದಿನ ಭತ್ತದ ಚೀಲ ಇಳಿಸುವುದನ್ನು ನಿಲ್ಲಿಸಿ ಬಂದು ಗೆರೆಯ ಹೊರಗೆ ನಿಲ್ಲುತ್ತಿದ್ದವನೂ ಅವನೇ. ಅಪ್ಪ ಸತ್ತಾಗ ಅಮರಗುಂಡಪ್ಪನಿಗೆ ನಾಲ್ಕು ವರ್ಷ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ನೇಗಿಲು ಹಿಡಿದ ಹಂಪಣ್ಣನೇ ಆಮೇಲೆ ಅವನಿಗೆ ಅಪ್ಪ.

ಒಂದು ಒಂದು ಸಮ ಇತ್ತು. ಎಂಟು ನಿಮಿಷ ಉಳಿದಿತ್ತು. ಅಮರಗುಂಡಪ್ಪ ಮೂವರನ್ನು ದಾಟಿ ಗೋಲಿನ ಮುಂದೆ ಬಂದು, ಎಡಗಾಲಿನಿಂದ ಒದೆಯಲೆಂದು ಬಲಗಾಲನ್ನು ನೆಲಕ್ಕೆ ಊರಿದ. ಊರಿದ ಕಡೆ ನೆಲ ಇರಲಿಲ್ಲ, ಬಿರುಕು ಇತ್ತು. ಚೆಂಡು ಗೋಲಿಗೆ ಹೋಯಿತು. ಅವನು ಬಿದ್ದ. ಆ ತುದಿಯಲ್ಲಿದ್ದ ಇಸ್ಮಾಯಿಲ್‌ಸಾಬನಿಗೆ ಇವನು ಖುಷಿಗೆ ಉರುಳಾಡುತ್ತಿದ್ದಾನೆ ಅನಿಸಿ, ಇಡೀ ಮೈದಾನ ಕುಣಿಯುತ್ತ ಓಡಿಬಂದ. ಹತ್ತಿರ ಬಂದ ಮೇಲೆ ಮೊಣಕಾಲು ಒಂದು ಕಡೆ, ಪಾದ ಇನ್ನೊಂದು ಕಡೆ ನೋಡುತ್ತಿದ್ದದ್ದು ಕಾಣಿಸಿತು.

ಡಾಕ್ಟರು ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಹುಬ್ಬಳ್ಳಿಯಲ್ಲಿ ಕಾಲು ಕತ್ತರಿಸುತ್ತಾರೆ ಎಂದು ಯಾರೋ ಹಂಪಣ್ಣನ ಕಿವಿಯಲ್ಲಿ ಊದಿದರು. ಎಲುಬು ಕೂಡಿಸುವುದರಲ್ಲಿ ಹೆಸರಾದ ಉಸ್ಮಾನ್‌ಸಾಬನನ್ನು ಅವನು ಮನೆಗೇ ಕರೆಸಿದ. ಉಸ್ಮಾನ್‌ಸಾಬನ ಕೈ ಒಳ್ಳೆಯ ಕೈ. ಬಿದಿರು ದಬ್ಬೆ ಇಟ್ಟು, ತತ್ತಿಯ ಲೋಳೆ ಸವರಿ ಬಿಗಿಯಾಗಿ ಕಟ್ಟಿ, "ನಲವತ್ತೈದು ದಿನಕ್ಕ ಬಿಚ್ಚಬೇಕ್ರಿ. ಅವತ್ತಿಂದ ದಿನಾ ಎಣ್ಣಿ ಹಚ್ಚಿ ಸ್ವಲ್ಪ ಸ್ವಲ್ಪ ಬಗ್ಗಸ್ರಿ," ಎಂದು ಹೇಳಿ ಹೋದ.

ನಲವತ್ತೈದನೆಯ ದಿನ ಆಷಾಢದಲ್ಲಿ ಬಿತ್ತು.

ಉಸ್ಮಾನ್‌ಸಾಬ್ ಹೇಳಿದ ದಿನಕ್ಕೆ ಬಂದ. ಹಂಪಣ್ಣ ಅವನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕುಡಿಸಿದ. "ಆಷಾಢದಾಗ ಹೊಸಾ ಕೆಲಸ ಸುರು ಮಾಡಂಗಿಲ್ಲ. ಕಾಲು ಮತ್ತ ನಡಿಯೂದು ಹೊಸಾ ಕೆಲಸ ಅಲ್ಲೇನು? ಶ್ರಾವಣ ಬರಲಿ, ಮೊದಲನೇ ಸೋಮವಾರ ಪೂಜಿ ಮಾಡಿ ಬಿಚ್ಚೂಣು."

"ಹಂಪಣ್ಣಾರ, ಎಲುಬಿಗೆ ಪಂಚಾಂಗ ತಿಳಿಯಂಗಿಲ್ರಿ," ಎಂದು ಉಸ್ಮಾನ್‌ಸಾಬ್ ಕೈ ಮುಗಿದ.

ಹಂಪಣ್ಣ ಕೇಳಲಿಲ್ಲ. ತಮ್ಮನ ಕಾಲಿಗೆ ಎಲ್ಲಿ ಏನು ಕೇಡಾದೀತೋ ಎಂಬ ಹೆದರಿಕೆ ಅವನನ್ನು ಹಿಡಿದುಬಿಟ್ಟಿತ್ತು. ಹೆದರಿದ ಮನುಷ್ಯನಿಗೆ ಶಾಸ್ತ್ರದಷ್ಟು ಗಟ್ಟಿಯಾದ ಹಗ್ಗ ಬೇರೆ ಸಿಗುವುದಿಲ್ಲ. ಒಳಗೆ ಹಾಸಿಗೆಯ ಮೇಲಿದ್ದ ಅಮರಗುಂಡಪ್ಪ ಎಲ್ಲ ಕೇಳಿಸಿಕೊಂಡ. ಅಣ್ಣನಿಗೆ ಎದುರಾಡುವ ಮನೆ ಅಲ್ಲ ಅದು.

ಶ್ರಾವಣದ ಮೊದಲ ಸೋಮವಾರ ತೆಂಗಿನಕಾಯಿ ಒಡೆದು ಕಟ್ಟು ಬಿಚ್ಚಿದರು. ಎಲುಬು ಚೆನ್ನಾಗಿ ಕೂಡಿತ್ತು. ಕೀಲೂ ಕೂಡಿಕೊಂಡುಬಿಟ್ಟಿತ್ತು. ಹಂಪಣ್ಣ ತಾನೇ ಪಾದ ಹಿಡಿದು ಬಗ್ಗಿಸಲು ನೋಡಿದ. ತಮ್ಮ ಒಮ್ಮೆ ಚೀರಿದ. ಹಂಪಣ್ಣ ಎದ್ದು ದನದ ಕೊಟ್ಟಿಗೆಗೆ ಹೋದವನು ಸಂಜೆಯವರೆಗೆ ಹೊರಗೆ ಬರಲಿಲ್ಲ. ಆಮೇಲೆ ಆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಕಾಲು ಏನಾಯಿತೆಂದು ಕೇಳಿದವರಿಗೆಲ್ಲ ಅಮರಗುಂಡಪ್ಪ ಒಂದೇ ಉತ್ತರ ಕೊಡುತ್ತಿದ್ದ: "ಚೆಂಡಾಟದಾಗ ಹೋತ್ರಿ. ಗೋಲ್ ಮಾತ್ರ ಆತು."

*

ಹತ್ತು ಗಂಟೆಗೆ ಕುಣಿ ತೋಡುವ ಗದ್ದೆಪ್ಪ ಜೋಳದ ದಂಟು ಹಿಡಿದು ಬಂದ. ಕುಣಿಯ ಉದ್ದಗಲ ಸತ್ತವರ ಪಾದದ ಅಳತೆಯಿಂದಲೇ ಆಗಬೇಕು. ಅವನು ಬಗ್ಗಿ ಮಾಸ್ತರರ ಪಾದಕ್ಕೆ ದಂಟು ಹಿಡಿದು, ಉಗುರಿನಿಂದ ಗುರುತು ಮಾಡಿ, ಅಷ್ಟಕ್ಕೆ ಮುರಿದುಕೊಂಡ. ಆಮೇಲೆ ಚಾಚಿದ ಕಾಲಿನ ಕಡೆ ನೋಡಿ ತಲೆ ಕೆರೆದುಕೊಂಡ.

"ಗೂಡು ಎಷ್ಟು ತಗೀಲ್ರಿ, ಧಣ್ಯಾರ?"

"ಎಲ್ಲಾರಿಗೂ ತಗದಂಗ ತಗಿ. ಕಾಲು ನಾವು ಮಡಸ್ತೀವಿ," ಎಂದ ಹಂಪಣ್ಣ.

"ಹಂಗಲ್ರಿ, ಗುಡ್ಡದ ಬುಡಕ್ಕ ಪೂರಾ ಕಲ್ಲಿನಂಥ ಗರಸು ಐತಿ. ಆಮ್ಯಾಲೆ ಉದ್ದ ಮಾಡಂದ್ರ ನನ್ನ ಒಬ್ಬನ ಕೈಯಾಗ ಆಗಂಗಿಲ್ಲ."

"ಮಾಡು ಅಂದಷ್ಟು ಮಾಡೋ."

ಗೊರೇಬಾಳದ ಸ್ವಂತ ಹೊಲದಲ್ಲೇ ಮಣ್ಣು ಮಾಡಬಹುದಿತ್ತು. ಆದರೆ ಕಾಲುವೆ ಬಂದ ಮೇಲೆ ಅಲ್ಲಿ ಮೂರು ಅಡಿ ಅಗೆದರೆ ನೀರು ಬರುತ್ತದೆ, ಮನುಷ್ಯರನ್ನು ಭತ್ತದ ಸಸಿಯಂತೆ ನಾಟಿ ಮಾಡಲಾಗುವುದಿಲ್ಲ. ಹಾಗಾಗಿ ಮಸ್ಕಿಯ ಗುಡ್ಡದ ಬುಡದ ರುದ್ರಭೂಮಿಯೇ ಗತಿ. ಮೂರು ಗಂಟೆಗೆ ಎತ್ತುವುದೆಂದು ಬಸ್ಸಪ್ಪ ಕಾಕಾ ಗೊತ್ತು ಮಾಡಿದ.

ಅಂಗಳದಲ್ಲಿ ಜನ ನೆರೆದಿತ್ತು. ಪಾಮನಕಲ್ಲೂರಿನಿಂದ ಬಂದ ಯಮನಮ್ಮ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಮಾತಾಡುತ್ತಿದ್ದಳು. ಕುರಿ ಕಾಯುವ ಹೆಂಗಸು ಅವಳು.

"ನಮ್ಮ ಹೊಲದಾಗ ಒಂದು ಹಳೇ ಕಲ್ಲೈತಿ ನೋಡ್ರಿ. ಒಂದಿನಾ ಕುರಿ ಹೊಡಕೊಂಡು ಹೋಗೀನಿ, ಯಾರೋ ಬೋರಲ ಬಿದ್ದಾರ. ಮಿಸುಕಂಗಿಲ್ಲ. ಹಾವು ಕಡದೈತಿ ಅಂತ ಬಾಯಿ ಬಾಯಿ ಬಡಕೊಂಡೆ. ಊರ ಮಂದಿ ಬಂಡಿ ಕಟಗೊಂಡು ಓಡಿ ಬಂದ್ರು. ಎತ್ತಾಕ ಹೋದ್ರ ಮನಷ್ಯಾ ಕೈ ಎತ್ತಿ, 'ಸುಮ್ನಿರ್ರಿ ಯವ್ವಾ, ಇನ್ನೊಂದು ಅಕ್ಷರ ಉಳದೈತಿ' ಅಂದ!"

ಬೇವಿನ ಕೆಳಗಿದ್ದವರೆಲ್ಲ ನಕ್ಕರು. ನಕ್ಕು ಸತ್ತ ಮನೆ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಮೊಣಕಾಲು ಬಗ್ಗದ ಮಾಸ್ತರ ಶಾಸನದ ಕಲ್ಲಿನ ಬುಡದ ಬರಹ ಓದಬೇಕಾದರೆ ನೆಲಕ್ಕೆ ಬೋರಲು ಬೀಳದೆ ಬೇರೆ ದಾರಿ ಇರಲಿಲ್ಲ. ಅವನ ಮಗಳು ಸಂಗಮ್ಮ ಕಾಗದ, ಮಸಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು.

"ಅಲ್ಲೇ ಮಣ್ಣಾಗ ಬಿದ್ಕೊಂಡ ನನ್ನ ಕೇಳಿದ್ರು," ಎಂದು ಯಮನಮ್ಮ ಮುಂದುವರಿಸಿದಳು, "ನಿನಗ ಸಹಿ ಮಾಡಾಕ ಬರತೈತೇನು ಅಂತ. ಬರಂಗಿಲ್ರಿ ಅಂದೆ. ಕುರಿ ಎಣಸಾಕ ಬರೂದಿಲ್ಲೇನು, ಅಕ್ಷರ ಏನ್ ಮಹಾ ಅಂದ್ರು. ವಾರದಾಗ ಎರಡು ಸಲ ಬಸ್ಸಿಗೆ ಬಂದು ನಮ್ಮೂರು ಹೆಂಗಸ್ರಿಗೆಲ್ಲ ಕಲಸಿದ್ರು. ನನ್ನ ವಿಧವಾ ಪಗಾರದ ಅರ್ಜಿ ನಾನ ಬರದೀನಿ. ಅವರು ಬರದು ಕೊಡಲಿಲ್ಲ. ಎಷ್ಟು ಅತ್ತು ಕರದ್ರೂ ಬರದು ಕೊಡಲಿಲ್ಲ!"

ಅವಳು ಎದ್ದು ಒಳಗೆ ಬಂದು, ಚಾಚಿದ ಪಾದದ ಮುಂದೆ ಕುಕ್ಕರಿಸಿ, "ನನಗ ಇನ್ನ ಒತ್ತಕ್ಷರ ಬರಂಗಿಲ್ಲೋ ಎಪ್ಪಾ, ಹೆಂಗ ಹೊಂಟೀ," ಎಂದು ದೊಡ್ಡ ದನಿ ತೆಗೆದು ಅತ್ತಳು. ಅಲ್ಲಿಯವರೆಗೆ ಕಣ್ಣೀರು ಹಾಕದ ಕಸ್ತೂರೆಮ್ಮ ಆಗ ಅತ್ತಳು. ಹಂಪಣ್ಣ ಬಟ್ಟೆಯನ್ನು ಆರಿದ ನೀರಿಗೆ ಅದ್ದಿ ಮತ್ತೆ ಹಿಂಡಿದ.

*

ಕಾಲು ಹೋದ ವರ್ಷ ಅಮರಗುಂಡಪ್ಪ ಮೂರು ತಿಂಗಳು ಗೋಡೆ ನೋಡುತ್ತ ಮಲಗಿದ. ನಾಲ್ಕನೆಯ ತಿಂಗಳು ಎಂ.ಎ.ಗೆ ಹೆಸರು ಹಚ್ಚಿದ. "ಓಡೂದು ಮುಗೀತು. ಇನ್ನ ಕುಂತು ಮಾಡೂವಂಥದ್ದು ಏನೇನೈತಿ, ಎಲ್ಲಾ ಮಾಡಿ ನೋಡ್ತೀನಿ," ಎಂದು ಇಸ್ಮಾಯಿಲ್‌ಸಾಬನಿಗೆ ಹೇಳಿದ. ಎಂಬತ್ತೈದರಲ್ಲಿ ಮಸ್ಕಿಯಲ್ಲಿ ನೌಕರಿ ಸಿಕ್ಕಿತು. ಅದೇ ವರ್ಷ ಕನ್ಯೆ ನೋಡಲು ಲಿಂಗಸೂಗೂರಿಗೆ ಹೋದರು.

ಚಾಪೆಯ ಮೇಲೆ ಕೂತಾಗ ಅವನ ಬಲಗಾಲು ನೇರ ಮಾವನಾಗಬೇಕಾದವನ ಎದೆಯ ಕಡೆ ಚಾಚಿಕೊಂಡಿತು. ಹಿರಿಯರ ಕಡೆ ಕಾಲು ಮಾಡುವುದೆಂದರೇನು! ಮುದುಕ ಮುಖ ಗಂಟಿಕ್ಕಿದ. ಹಂಪಣ್ಣ ಬೆವೆತು ನೀರಾದ. ಅಮರಗುಂಡಪ್ಪ ಕೈ ಮುಗಿದು, "ಇದೊಂದು ಕಾಲು ನನ್ನ ಮಾತು ಕೇಳಂಗಿಲ್ರಿ. ಉಳಿದ ಅಮರಗುಂಡಪ್ಪ ಎಲ್ಲಾರ ಮಾತೂ ಕೇಳ್ತಾನ," ಎಂದ. ಬಾಗಿಲ ಹಿಂದೆ ಒಂದು ನಗು ಕೇಳಿಸಿತು. ಕಸ್ತೂರೆಮ್ಮ ಅಲ್ಲಿಯೇ ಒಪ್ಪಿಕೊಂಡಾಗಿತ್ತು.

ಸಂಜೆಯಾದರೆ ಅವನು ಶಾಲೆಯ ಕಟ್ಟೆಯ ಮೇಲೆ ಎಡಗಾಲು ಮಡಿಚಿ, ಬಲಗಾಲು ಚಾಚಿ ಕೂರುತ್ತಿದ್ದ. ಚಾಚಿದ ತೊಡೆಯೇ ಅವನ ಮೇಜು. ಅದರ ಮೇಲೆ ರಟ್ಟು ಇಟ್ಟುಕೊಂಡು ಓದುತ್ತಿದ್ದ, ತಿದ್ದುತ್ತಿದ್ದ, ಬಂದವರ ಕೈಹಿಡಿದು ಬರೆಸುತ್ತಿದ್ದ. ಎದುರಿಗೆ ಮಕ್ಕಳ ಫುಟ್‌ಬಾಲು. ಆಟಕ್ಕೆ ಮೊದಲು ಒಂದು ಕಾಯಿದೆ ಇತ್ತು: ಗುಡ್ಡದಿಂದ ತಲೆಗೊಂದು ಬುಟ್ಟಿ ಗರಸು ತಂದು ಮೈದಾನದ ಬಿರುಕು ತುಂಬಬೇಕು. ಒಂದು ಬಿರುಕು ಉಳಿದಿದ್ದರೂ ಅವನು ಸೀಟಿ ಊದುತ್ತಿರಲಿಲ್ಲ. ಮಕ್ಕಳು ಬೈದುಕೊಂಡೇ ಹೊರುತ್ತಿದ್ದವು. ಹನ್ನೆರಡು ವರ್ಷದಲ್ಲಿ ಆ ಮೈದಾನದ ಮೇಲೆ ಒಂದು ಕಾಲೂ ಮುರಿಯಲಿಲ್ಲ.

"ಕುಂಟಗ ಎಂಟು ಚೇಷ್ಟಿ," ಎಂದು ಊರು ಆಡಿಕೊಂಡಿತು. ಅವನ ಕಿವಿಗೆ ಬಿದ್ದಾಗ ಬೆರಳು ಮಡಿಚಿ ಲೆಕ್ಕ ಹಾಕಿ, "ಐದ ಆಗ್ಯಾವ್ರಿ, ಇನ್ನೂ ಮೂರು ಬಾಕಿ ಅದಾವ," ಎಂದ. ಆರನೆಯದು ಊರೂರಿನ ಶಾಸನಗಳ ಮೇಲೆ ಬರೆದ ಪ್ರಬಂಧ. ಅದಕ್ಕೆ ಡಾಕ್ಟರೇಟ್ ಬಂದು ಶಾಲೆಯ ಬೋರ್ಡಿನಲ್ಲಿ ಅವನ ಹೆಸರಿನ ಹಿಂದೆ 'ಡಾ.' ಸೇರಿದ ವಾರದಲ್ಲೇ ಇಬ್ಬರು ಜ್ವರ ಎಂದು ಬಂದರು, ಒಬ್ಬ ಎಮ್ಮೆ ಹಿಡಿದುಕೊಂಡೇ ಬಂದ. ಅವರನ್ನೆಲ್ಲ ಸರ್ಕಾರಿ ದವಾಖಾನೆಗೆ ಚೀಟಿ ಬರೆದು ಕಳಿಸಿ, ಆ ಚೀಟಿಯ ಕೆಳಗೂ ಅವರಿಂದಲೇ ಸಹಿ ಮಾಡಿಸಿದ.

*

ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸಪ್ಪ ಕಾಕಾ ಒನಕೆ ಹಿಡಿದು ನಡುಮನೆಗೆ ಬಂದ.

"ನೀರಿಗೆ, ಎಣ್ಣಿಗೆ ಬಗ್ಗೂ ಕಾಲಲ್ಲ ಇದು. ಮೊಣಕಾಲ ತೆಳಗ ಒನಕಿ ಇಟ್ಟು, ಮುಂಗಾಲ ಮ್ಯಾಲೆ ಇಬ್ರು ಭಾರ ಹಾಕಿದ್ರ ಒಂದ ಏಟಿಗೆ ಮಡಚತೈತಿ. ಹೆಂಗಸ್ರೆಲ್ಲ ಹೊರಗ ನಡೀರಿ. ಜೀವ ಹೋದ ಕಾಲಿಗೆ ನೋವು ಎಲ್ಲಿಂದ ಬರಬೇಕು?"

ಹೆಂಗಸರು ಎದ್ದರು. ಕಸ್ತೂರೆಮ್ಮನೂ ಎದ್ದಳು. ಎದ್ದು ಹೊರಗೆ ಹೋಗದೆ, ಗಂಡನ ಬಲಗಡೆಗೆ ಬಂದು ಕೂತು, ಆ ಮೊಣಕಾಲಿನ ಮೇಲೆ ತನ್ನ ಎರಡೂ ಕೈ ಇಟ್ಟಳು.

"ಒನಕಿ ಒಳಗಿಡ್ರಿ ಕಾಕಾರ."

"ಕಸ್ತೂರಿ, ಬಾಜೂಕ ಸರಿ," ಎಂದ ಹಂಪಣ್ಣ. "ಇದರಾಗ ನೀ ಬರಬ್ಯಾಡ."

"ನನ್ನ ಗಂಡನ ಕಾಲ್ರಿ ಇದು."

"ನಿನಗ ಗಂಡ ಆಗೂಕಿಂತ ಮೊದಲ ನನಗ ತಮ್ಮ!" ಹಂಪಣ್ಣನ ದನಿಗೆ ಅಂಗಳದ ಮಾತೆಲ್ಲ ನಿಂತಿತು. "ಹೆಗಲ ಮ್ಯಾಲೆ ಹೊತಗೊಂಡು ಸಾಲಿಗೆ ಕಳಿಸೀನಿ ನಾ. ಈ ಕಾಲು ಹೆಂಗ ಓಡ್ತಿತ್ತು ನೀ ನೋಡಿಲ್ಲ, ನಾ ನೋಡೀನಿ. ಇದನ್ನ ಕೆಡಿಸಿದಾಂವ ಯಾರು ಗೊತ್ತೇನು? ಲಿಂಗಸೂಗೂರು ಮಂದಿ ಅಲ್ಲ, ಆ ನೆಲಾನೂ ಅಲ್ಲ. ನಾನು!"

ಹಂಪಣ್ಣ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದ, ಅದರಲ್ಲಿ ನೀರು ಉಳಿದಿರಲಿಲ್ಲ.

"ಆಷಾಢ ಅಂತ ಹೇಳಿ ಕಟ್ಟು ಬಿಚ್ಚಲಿಲ್ಲ. ಉಸ್ಮಾನ್‌ಸಾಬ್ ಮನಿ ತನಕ ಬಂದು ಕೈ ಮುಗದ. ಚಾ ಕುಡಿಸಿ ಕಳಿಸಿದೆ. ಹದಿನಾಕು ವರ್ಷ ಇಂವ ಊರ ಮುಂದೆಲ್ಲಾ ಚೆಂಡಾಟದಾಗ ಹೋತು ಅಂದ. ನನ್ನ ಹೆಸರು ತಗೀಲಿಲ್ಲ. ಒಂದ ಸಲ, ಒಂದ ಸಲ ಬೈದಿದ್ರ ನನಗ ನಿದ್ದಿ ಬರ್ತಿತ್ತು. ಬಿಡು ಯವ್ವಾ. ನಾ ಕೆಡಿಸಿದ್ದು, ನಾ ಸರಿ ಮಾಡಿ ಕಳಸ್ತೀನಿ."

"ನನಗ ಗೊತ್ತೈತ್ರಿ ಬಾವಾರ," ಎಂದಳು ಕಸ್ತೂರೆಮ್ಮ.

ಹಂಪಣ್ಣ ಅವಳ ಮುಖ ನೋಡಿದ. ಆಮೇಲೆ ಬಾಗಿಲಲ್ಲಿದ್ದ ಇಸ್ಮಾಯಿಲ್‌ಸಾಬನ ಮುಖ ನೋಡಿದ. ಇಸ್ಮಾಯಿಲ್‌ಸಾಬ್ ಕಣ್ಣು ಕೆಳಗೆ ಹಾಕಿದ.

"ಲಗ್ನ ಆದ ವರ್ಷನ ಹೇಳಿದ್ರು. ಅಣ್ಣ ಅಂಜಿ ಮಾಡಿದ, ಹಗೆಯಿಂದ ಮಾಡಲಿಲ್ಲ ಅಂದ್ರು. ಎಂಬತ್ತೆಂಟರಾಗ ನಾನ ಹಟ ಮಾಡಿ ಹುಬ್ಬಳ್ಳಿಗೆ ಕರಕೊಂಡು ಹೋದೆ."

"ಹುಬ್ಬಳ್ಳಿಗೆ? ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಹೊಲಾ ಮಾರತಿದ್ರಿ." ಕಸ್ತೂರೆಮ್ಮ ಮೊಣಕಾಲಿನಿಂದ ಕೈ ತೆಗೆಯಲಿಲ್ಲ. "ಡಾಕ್ಟರು ನೋಡಿ, ಕೊಯ್ದು ಬಿಡಿಸಬಹುದು ಅಂದ್ರು. 'ಬಿಡಿಸಿದ್ರ ಓಡಬಹುದೇನ್ರಿ?' ಅಂತ ಇವರು ಕೇಳಿದ್ರು. ಓಡಾಕ ಆಗಂಗಿಲ್ಲ, ಕಾಲು ಮಡಚಿ ಕುಂದರಬಹುದು ಅಂದ್ರು. ಇವರು ನಕ್ಕರು. 'ಕುಂದ್ರಾಕ ನನಗ ಈಗ್ಲೂ ಬರತೈತ್ರಿ ಡಾಕ್ಟರ್,' ಅಂತ ಹೇಳಿ ಎದ್ದು ಬಂದ್ರು. ಬರೂ ಮುಂದ ಬಸ್ಸಿನ್ಯಾಗ ಪೂರಾ ಸೀಟಿನ ಮ್ಯಾಲೆ ಕಾಲು ಚಾಚಿ ಮಲಗಿದ್ರು. ನಾ ನಿಂತು ಬಂದೆ."

ಯಾರೋ ಮೂಗಿನಲ್ಲಿ ನಕ್ಕ ಹಾಗಾಯಿತು. ಕಸ್ತೂರೆಮ್ಮನೂ ನಗುತ್ತಿದ್ದಳು, ಅಳುತ್ತಲೂ ಇದ್ದಳು.

"ಸರಿ ಇಲ್ಲದ ಕಾಲು ಅಂತ ಅವರಿಗೆ ಯಾವತ್ತೂ ಅನಸಲಿಲ್ರಿ ಬಾವಾರ. ನಿಮಗಷ್ಟ ಅನಸೈತಿ. ಬಾಯಿ ಇದ್ದಾಗ ಬ್ಯಾಡ ಅಂದದ್ದನ್ನ, ಬಾಯಿ ಹೋದ ಮ್ಯಾಲೆ ಮಾಡ್ತೀರೇನ್ರಿ?"

ಬಸ್ಸಪ್ಪ ಕಾಕಾ ಬಿಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಮಠದ ಅಯ್ಯನವರ ಕಡೆ ತಿರುಗಿ, "ನೀವಾದ್ರೂ ಹೇಳ್ರಿ ಬುದ್ಧಿ. ಪದ್ಮಾಸನ ಇಲ್ಲದ ಕ್ರಿಯಾ ಆಗತೈತೇನ್ರಿ?" ಎಂದ.

ಅಯ್ಯನವರು ಎದ್ದು ಬಂದು ಚಾಚಿದ ಕಾಲನ್ನು ನೋಡಿದರು. "ಲಿಂಗ ಇರೂದು ಎದಿ ಮ್ಯಾಲೆ," ಎಂದರು. "ಮೊಣಕಾಲಾಗಲ್ಲ. ಹೆಂಗ ಕುಂತು ಬಾಳಿದನೋ ಹಂಗ ಕುಂದರಲಿ ಬಿಡ್ರಿ."

ಹಂಪಣ್ಣ ಬಟ್ಟೆಯನ್ನು ಚರಗಿಯ ಮೇಲೆ ಹಾಕಿದ. ಯಾರನ್ನೂ ನೋಡದೆ ಎದ್ದು, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು, ಜನರ ನಡುವೆ ದಾರಿ ಮಾಡಿಕೊಂಡು ಬೀದಿಗೆ ಇಳಿದ.

"ಸಿಟ್ಟಾದ," ಎಂದ ಬಸ್ಸಪ್ಪ ಕಾಕಾ. "ಮಣ್ಣಿಗೆ ಬರಂಗಿಲ್ಲ ನೋಡ್ರಿ ಅಂವ. ಅಣ್ಣ ಇಲ್ಲದ ಮಣ್ಣು ಹೆಂಗ ಕೊಡ್ತೀರಿ?"

ಕಾಲು ಉಳಿಸಿಕೊಂಡೆ, ನಿಮ್ಮ ಅಣ್ಣನನ್ನು ಕಳೆದೆನೇ ಎಂದು ಕಸ್ತೂರೆಮ್ಮ ಗಂಡನ ಮುಖ ನೋಡಿದಳು.

*

ಮೂರು ಗಂಟೆಯವರೆಗೆ ಕಾದರು. ಹಂಪಣ್ಣ ಬರಲಿಲ್ಲ. ಸಿಂಧನೂರಿನ ಬಸ್ಸು ಹತ್ತಿರಬೇಕು ಎಂದು ಒಬ್ಬರು, ಬಸ್‌ಸ್ಟ್ಯಾಂಡಿನಲ್ಲಿ ಕಾಣಲಿಲ್ಲ ಎಂದು ಇನ್ನೊಬ್ಬರು ಹೇಳಿದರು.

ಬಿದಿರಿನ ವಿಮಾನ ಕಟ್ಟಿ ಬಾಳೆಕಂಬ, ಚೆಂಡುಹೂವು ಬಿಗಿದಿದ್ದರು. ಕಾಲು ಚಾಚಲು ಅದಕ್ಕೆ ಒಂದು ಹಲಗೆ ಬೇಕಾಯಿತು. ಇಸ್ಮಾಯಿಲ್‌ಸಾಬ್ ಎಲ್ಲಿಂದಲೋ ಹಲಗೆ ತಂದು ತಾನೇ ಬಿಗಿದು, ಮೇಲೆ ಬಟ್ಟೆ ಹಾಸಿದ. ಹಳೆಯ ತಂಡದವರು ಹೆಗಲು ಕೊಟ್ಟರು. ಅಷ್ಟು ವರ್ಷದ ಮೇಲೆ ಒಬ್ಬೊಬ್ಬರ ಹೊಟ್ಟೆ ಒಂದೊಂದು ಅಳತೆಯಾಗಿತ್ತು, ಹೆಜ್ಜೆ ಮಾತ್ರ ಕೂಡಿ ಬಿತ್ತು. ಮಸ್ಕಿಯ ಬಜಾರಿನಲ್ಲಿ ಅಂಗಡಿಯವರು ಎದ್ದು ನಿಂತರು. ಕಾಲು ಚಾಚಿ ಕೂತ ಮಾಸ್ತರನನ್ನು ಕಂಡು ಯಾರೂ ವಿಚಿತ್ರವೆಂದು ನೋಡಲಿಲ್ಲ. ದಿನವೂ ಕಂಡದ್ದೇ. "ಮಾಸ್ತರ ಕಟ್ಟಿ ಮ್ಯಾಲೆ ಕುಂತಂಗ ಕುಂತಾರ," ಎಂದ ಒಬ್ಬ, ಕೈ ಮುಗಿಯುತ್ತ.

ಕಸ್ತೂರೆಮ್ಮ ಸಂಗಮ್ಮನ ಕೈ ಹಿಡಿದು ಹಿಂದೆ ನಡೆದಳು. ಪ್ರತಿ ತಿರುವಿನಲ್ಲೂ ಹಂಪಣ್ಣನ ಬಿಳಿ ಅಂಗಿ ಕಂಡೀತೇ ಎಂದು ನೋಡಿದಳು. ಎಲ್ಲೂ ಕಾಣಲಿಲ್ಲ. ಗೂಡು ಚಿಕ್ಕದಾಗಿರುವುದೂ ಅವಳಿಗೆ ಆಗ ನೆನಪಾಯಿತು. ಬೆಳಿಗ್ಗೆ ಹಂಪಣ್ಣ ಹೇಳಿದ ಅಳತೆ ಅದು, ಅದನ್ನು ಬದಲಿಸಲು ಯಾರನ್ನೂ ಕಳಿಸಿರಲಿಲ್ಲ. ಕಾಲು ಉಳಿಸಿದ ಗಲಾಟೆಯಲ್ಲಿ ಕಾಲು ಇಡುವ ಜಾಗವನ್ನೇ ಎಲ್ಲರೂ ಮರೆತಿದ್ದರು.

ರುದ್ರಭೂಮಿಗೆ ಬಂದಾಗ ಗದ್ದೆಪ್ಪ ಬರಿಗೈಯಲ್ಲಿ ಕುಣಿಯ ದಂಡೆಯ ಮೇಲೆ ನಿಂತಿದ್ದ. ತಪ್ಪು ಮಾಡಿದವನ ಮುಖ ಹೊತ್ತಿದ್ದ.

"ನಂದೇನೂ ತಪ್ಪಿಲ್ರಿ," ಎಂದ, ಯಾರೂ ಕೇಳದಿದ್ದರೂ. "ಒಂದು ಗಂಟೆಕ್ಕ ಬಂದು ನನ್ನ ಕೈಯಾಗಿನ ಹಾರಿ ಕಸಗೊಂಡಾರ. ನೀರು ಕುಡೀರಿ ಅಂದ್ರೂ ಕೇಳವಲ್ರು."

ಒಳಗಿನಿಂದ ಹಾರೆ ಗರಸಿಗೆ ಬಡಿಯುವ ಸದ್ದು ಬರುತ್ತಿತ್ತು. ಕಸ್ತೂರೆಮ್ಮ ಮುಂದೆ ಬಂದು ಬಗ್ಗಿ ನೋಡಿದಳು. ಹಂಪಣ್ಣ ಅಂಗಿ ಕಳಚಿ, ಧೋತರ ಮೇಲೆ ಕಟ್ಟಿ, ಕೆಂಪು ದೂಳಿನಲ್ಲಿ ಮುಳುಗಿದ್ದ. ಬೆಳಿಗ್ಗೆ ಬಿಸಿನೀರಿಗೆ ಕೆಂಪಾದ ಬೆರಳುಗಳಲ್ಲಿ ಈಗ ರಕ್ತ ಇತ್ತು. ಗೂಡಿನ ಬಲಗಡೆಯಿಂದ ಕಾಲಗಲದ ಒಂದು ಓಣಿ ನೆಲದುದ್ದಕ್ಕೂ ಕೊರೆದುಕೊಂಡು ಬಂದಿತ್ತು. ಅದರ ಅಂಚುಗಳನ್ನು ಅವನು ಅಂಗೈಯಿಂದ ಸವರಿ ನುಣುಪು ಮಾಡಿದ್ದ.

ವಿಮಾನ ಬಂದದ್ದನ್ನು ಅವನು ನೋಡಿದ. ಚಾಚಿದ ಕಾಲನ್ನು ಕಣ್ಣಲ್ಲೇ ಅಳೆದ. ಆಮೇಲೆ ಹಾರೆ ಪಕ್ಕಕ್ಕಿಟ್ಟು, ಬಗ್ಗಿ, ಗೂಡಿನೊಳಗೆ ಹೋಗಿ ಬೆನ್ನು ಒರಗಿಸಿ ಕೂತ.

"ಏ ಹಂಪಣ್ಣ! ಏಳೋ!" ಬಸ್ಸಪ್ಪ ಕಾಕಾ ಕುಣಿಯ ಅಂಚಿಗೆ ಓಡಿಬಂದು ಚೀರಿದ. "ಜೀವಂತ ಮನಷ್ಯಾ ಅಲ್ಲಿ ಕುಂದರಬಾರದೋ! ಕೇಡು ಅದು, ಏಳು!"

ಹಂಪಣ್ಣನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಎಡಗಾಲು ಮಡಿಚಿದ. ಬಲಗಾಲನ್ನು ನಿಧಾನವಾಗಿ ಆ ಓಣಿಯುದ್ದಕ್ಕೂ ಚಾಚಿದ. ಹಿಮ್ಮಡಿ ಕೊನೆಯ ಗರಸಿಗೆ ತಾಗಿತು. ಅವನು ಹಾಗೇ ಕೂತು ಮೇಲೆ ನೋಡಿದ. ದಂಡೆಯ ಮೇಲಿದ್ದ ಅಷ್ಟು ಜನರಲ್ಲಿ ಕಸ್ತೂರೆಮ್ಮನ ಮುಖ ಹುಡುಕಿಕೊಂಡ.

"ನನ್ನ ಕಾಲು ಮುಟ್ಟತೈತಿ ಯವ್ವಾ," ಎಂದ. "ಅಂವ ನನಗಿಂತ ಎತ್ತರ ಅದಾನ. ಸ್ವಲ್ಪ ತಡೀರಿ, ಇನ್ನೊಂದು ಗೇಣು ತಗೀತೀನಿ."